ನಟ್ಟ ನಡುವಿನ ಮದುವೆ

ವೆಂಡೆಲ್ ಹಾಸ್ಕೆಲ್ ಮಾಡಿದ ತಪ್ಪು ಇಷ್ಟೇ. ಟೆಕ್ಸಸ್ಸಿನ ನಕ್ಷೆಯನ್ನು ಅಡುಗೆಮನೆಯ ಮೇಜಿನ ಮೇಲೆ ಹರಡಿ, ಡಲ್ಲಾಸಿನಿಂದ ಹ್ಯೂಸ್ಟನ್ನಿಗೆ ಅಡಿಪಟ್ಟಿ ಇಟ್ಟು, ನಟ್ಟ ನಡುವೆ ಪೆನ್ಸಿಲ್ಲಿನಲ್ಲಿ ಒಂದು ಚುಕ್ಕೆ ಹಾಕಿದ. ಚುಕ್ಕೆ ಬಿದ್ದದ್ದು ಪಿಕೆಟ್ ಕ್ರಾಸಿಂಗ್ ಎಂಬ ಊರಿನ ಮೇಲೆ. ಊರೆಂದರೆ ಒಂದು ಪೆಟ್ರೋಲ್ ಬಂಕು, ಒಂದು ಚರ್ಚು, ಓಪಲ್ ಎಂಬ ಹೆಂಗಸು ನಡೆಸುವ ಒಂದು ಹೋಟೆಲು. ಅಷ್ಟೇ, ಮುಗಿಯಿತು ಊರು.

ಅವನಾದರೂ ಪಾಪ ಏನು ಮಾಡಿಯಾನು? ಅವನು ಡಲ್ಲಾಸಿನಲ್ಲಿ ಲಿಫ್ಟ್ ರಿಪೇರಿ ಮಾಡುವವನು. ಅವನು ಮೆಚ್ಚಿದ ಲೋರ್ನಾ ಹ್ಯೂಸ್ಟನ್ನಿನ ಒಂದು ಆಸ್ಪತ್ರೆಯಲ್ಲಿ ನರ್ಸು. ನಿಶ್ಚಿತಾರ್ಥವಾಗಿ ಎರಡು ವರ್ಷವಾಗಿತ್ತು. ಮದುವೆ ಹ್ಯೂಸ್ಟನ್ನಿನಲ್ಲಾದರೆ ನಾನು ಬರುವುದಿಲ್ಲ ಎಂದು ಅವನ ಅಪ್ಪ ರಾಯ್ಸ್ ಹಾಸ್ಕೆಲ್ ಕುಳಿತಿದ್ದರು. ಡಲ್ಲಾಸಿನಲ್ಲಾದರೆ ಮಗಳನ್ನು ಕೈಹಿಡಿದು ಚರ್ಚಿನೊಳಗೆ ಕರೆತರುವುದಿಲ್ಲ ಎಂದು ಅವಳ ಅಪ್ಪ ಡೆಲ್ಬರ್ಟ್ ಗಿಡ್ರಿ ಕುಳಿತಿದ್ದರು. ಇಬ್ಬರೂ ರಿಟೈರಾದವರು, ಇಬ್ಬರೂ ಹೆಂಡತಿಯನ್ನು ಕಳೆದುಕೊಂಡವರು. ಗದರಿಸಿ ಸುಮ್ಮನಿರಿಸಲು ಮನೆಯಲ್ಲಿ ಯಾರೂ ಇರಲಿಲ್ಲ.

ಆ ಶನಿವಾರ ಬೆಳಿಗ್ಗೆ ಲೋರ್ನಾ ಫೋನಿನಲ್ಲಿ ಕಡ್ಡಿ ಮುರಿದಂತೆ ಹೇಳಿದಳು.

"ನೋಡು ವೆಂಡೆಲ್, ನನಗೆ ಸಾಕಾಗಿ ಹೋಗಿದೆ. ಸಂಜೆ ಆರಕ್ಕೆ ನನ್ನ ಡ್ಯೂಟಿ ಮುಗಿಯುತ್ತೆ. ಅಷ್ಟರೊಳಗೆ ಮದುವೆ ಎಲ್ಲಿ ಅಂತ ಇಬ್ರೂ ಒಂದೇ ಬಾಯಲ್ಲಿ ಹೇಳ್ಬೇಕು. ಇಲ್ಲಾಂದ್ರೆ ನಿನ್ನ ಉಂಗುರ ಪೋಸ್ಟಲ್ಲಿ ಬರುತ್ತೆ."

"ಪೋಸ್ಟಲ್ಲಾ? ಕೈಯಲ್ಲಾದ್ರೂ ಕೊಡಬಾರದಾ?"

"ಕೈಯಲ್ಲಿ ಕೊಡೋಕೆ ಯಾವ ಊರಲ್ಲಿ ಸೇರೋದು ಅಂತ ಇನ್ನೆರಡು ವರ್ಷ ಜಗಳ ಆಗುತ್ತೆ."

ಹಾಗಾಗಿ ಅಡಿಪಟ್ಟಿ, ಹಾಗಾಗಿ ಚುಕ್ಕೆ. ಇಬ್ಬರು ಹಿರಿಯರಿಗೂ ಫೋನು ಮಾಡಿ, ಮಧ್ಯಾಹ್ನ ಹನ್ನೆರಡಕ್ಕೆ ಓಪಲ್ ಹೋಟೆಲಿಗೆ ಬನ್ನಿ, ಯಾರೂ ಯಾರ ಊರಿಗೂ ಹೋಗುವುದು ಬೇಡ, ನಡುವೆಯೇ ಕೂತು ಮಾತಾಡೋಣ ಎಂದ. ಮದುವೆಯಾದ ಮೇಲೆ ಲೋರ್ನಾ ಡಲ್ಲಾಸಿನ ಆಸ್ಪತ್ರೆಗೆ ಬದಲಾಯಿಸಿಕೊಳ್ಳುವುದೆಂದು ಅವರಿಬ್ಬರೂ ಗುಟ್ಟಾಗಿ ತೀರ್ಮಾನಿಸಿದ್ದರು. ಬಾಡಿಗೆ ಮನೆಯೊಂದನ್ನೂ ನೋಡಿಟ್ಟಿದ್ದರು. ಅದನ್ನು ಡೆಲ್ಬರ್ಟರಿಗೆ ಹೇಳುವ ಧೈರ್ಯ ಮಾತ್ರ ಇನ್ನೂ ಬಂದಿರಲಿಲ್ಲ.

ರಾಯ್ಸ್ ಹನ್ನೆರಡಕ್ಕೆ ಸರಿಯಾಗಿ ಬಂದು ಕೂತರು. ಡೆಲ್ಬರ್ಟ್ ಒಂದೂಕಾಲಿಗೆ ಬೆವರು ಒರೆಸಿಕೊಳ್ಳುತ್ತ ಬಂದರು.

"ಇದು ನಡುವೆ ಅಲ್ಲ," ಎಂದರು, ಕೂರುವ ಮೊದಲೇ. "ಮನೆ ಬಿಟ್ಟು ಮೂರೂವರೆ ಗಂಟೆ ಆಯ್ತು. ಇವರಿಗೆಷ್ಟಾಯ್ತು ಕೇಳು."

"ಎರಡು ಗಂಟೆ ಇಪ್ಪತ್ತು ನಿಮಿಷ," ಎಂದರು ರಾಯ್ಸ್, ಮೀಸೆಯಲ್ಲೇ ನಗುತ್ತ.

ಟೆಕ್ಸಸ್ಸಿನವರನ್ನು ದೂರ ಎಷ್ಟೆಂದು ಕೇಳಿದರೆ ಮೈಲಿ ಹೇಳುವುದಿಲ್ಲ, ಗಂಟೆ ಹೇಳುತ್ತಾರೆ. ಇದನ್ನು ಮರೆತು ಮೈಲಿ ಅಳೆದದ್ದು ವೆಂಡೆಲ್‌ನದೇ ತಪ್ಪು. "ಮಾವ, ಮೈಲಿ ಲೆಕ್ಕದಲ್ಲಿ ಸರಿಯಾಗಿದೆ," ಎಂದು ಹೇಳಿ ನೋಡಿದ.

"ಮೈಲಿ ತಗೊಂಡು ಏನ್ ಮಾಡ್ಲಿ? ನಾನು ಕಳೆದದ್ದು ಗಂಟೆ."

"ಊರು ದಾಟೋಕೇ ಎರಡು ಗಂಟೆ ಬೇಕು ಅಂದ್ರೆ ಅದು ಊರಲ್ಲ ರೀ, ಕಾರು ನಿಲ್ಲಿಸೋ ಜಾಗ," ಎಂದರು ರಾಯ್ಸ್.

"ದೊಡ್ಡ ಊರು ಸ್ವಾಮಿ, ಹೊತ್ತು ಹಿಡಿಯುತ್ತೆ. ಊರೊಳಗೆ ನಾವು ಇಪ್ಪತ್ಮೂರು ಲಕ್ಷ ಜನ. ನೀವು ಹದಿಮೂರು."

"ಸುತ್ತಮುತ್ತಲಿಂದು ಸೇರಿಸಿ ನೋಡಿ. ನಾವು ಎಂಬತ್ತು ಲಕ್ಷ ದಾಟಿದೀವಿ. ನೀವು ಇನ್ನೂ ಕೆಳಗೇ ಇದೀರಿ."

"ಪಕ್ಕದೂರು ಫೋರ್ಟ್ ವರ್ತನ್ನ ಸೇರಿಸಿಕೊಂಡು ಎಣಿಸಿದ್ರೆ ಆಗದೆ ಏನು? ಪಕ್ಕದ ಮನೆ ಮಕ್ಕಳನ್ನ ಎಣಿಸಿದ್ರೆ ನನಗೂ ಹನ್ನೆರಡು ಮಕ್ಕಳು."

ತಟ್ಟೆ ಇಡಲು ಬಂದ ಓಪಲ್ ಅಲ್ಲೇ ಸೊಂಟಕ್ಕೆ ಕೈಯಿಟ್ಟು ನಿಂತಳು. ಅರವತ್ತು ದಾಟಿದ ಹೆಂಗಸು. ಗಿರಾಕಿಗಳ ಮಾತಿಗೆ ಬಾಯಿ ಹಾಕುವುದನ್ನು ಊಟದ ಜೊತೆ ಉಚಿತವಾಗಿ ಕೊಡುತ್ತಿದ್ದಳು. "ಅಲ್ಲ ಯಜಮಾನ್ರೇ, ಡಲ್ಲಾಸಲ್ಲಿ ನಿಮ್ಮ ಮನೆ ಎಲ್ಲಿ ಬರುತ್ತೆ?"

ರಾಯ್ಸ್ ಮೆತ್ತಗೆ, "ಫ್ರಿಸ್ಕೋ," ಎಂದರು.

"ಅದು ಡಲ್ಲಾಸಿಂದ ಮೂವತ್ತು ಮೈಲಿ ಆಚೆ ಅಲ್ವಾ? ಇವರದು?"

"ಲೀಗ್ ಸಿಟಿ," ಎಂದರು ಡೆಲ್ಬರ್ಟ್ ಇನ್ನೂ ಮೆತ್ತಗೆ.

"ಅದೂ ಸಮುದ್ರದ ಹತ್ತಿರ. ಚೆನ್ನಾಗಿದೆ. ಒಬ್ಬರು ಡಲ್ಲಾಸಲ್ಲಿಲ್ಲ, ಇನ್ನೊಬ್ಬರು ಹ್ಯೂಸ್ಟನ್ನಲ್ಲಿಲ್ಲ. ಇಲ್ಲಿ ಕೂತು ನನ್ನ ಟೀ ಆರಿಸ್ತಾ ಇದೀರಿ."

ಇಷ್ಟಾದರೆ ಯಾರಾದರೂ ನಾಚಿ ಸುಮ್ಮನಾಗುತ್ತಿದ್ದರು. ಇವರು ಆಗಲಿಲ್ಲ. ಗಂಟೆಯ ಲೆಕ್ಕದಲ್ಲಿ ನಿಜವಾದ ನಡುವು ಇನ್ನೂ ಮೂವತ್ತೈದು ನಿಮಿಷ ದಕ್ಷಿಣಕ್ಕಿದೆ, ಅಲ್ಲಿಗೆ ಹೋಗಿಯೇ ಮಾತಾಡುವುದೆಂದು ಡೆಲ್ಬರ್ಟ್ ಹಟ ಹಿಡಿದರು. ಸುಳ್ಳೆಂದು ತೋರಿಸಲು ರಾಯ್ಸ್ ಕೂಡ ಹೊರಟರು. ಊಟ ಅಲ್ಲೇ ಉಳಿಯಿತು. ವೆಂಡೆಲ್ ತನ್ನ ಪಿಕಪ್ ಗಾಡಿಯಲ್ಲಿ ಇಬ್ಬರನ್ನೂ ಅಕ್ಕಪಕ್ಕ ಕೂರಿಸಿಕೊಂಡು ಹೊಲಗಳ ನಡುವಿನ ಹಳೆಯ ಮಣ್ಣುದಾರಿ ಹಿಡಿದ.

ಮೂರು ಮೈಲಿ ಹೋದ ಮೇಲೆ ದಾರಿ ಕವಲೊಡೆಯಿತು.

"ಎಡಕ್ಕೆ ತಿರುಗಿಸು," ಎಂದರು ಅಪ್ಪ.

"ಬಲಕ್ಕಪ್ಪಾ, ಬಲಕ್ಕೆ," ಎಂದರು ಮಾವ.

ಇಬ್ಬರಲ್ಲಿ ಒಬ್ಬರ ಮಾತು ಕೇಳಿದರೆ ಮದುವೆ ಮುರಿಯುತ್ತದೆಂದು ಹೆದರಿದ ವೆಂಡೆಲ್ ಎರಡೂ ಬಿಟ್ಟು ನಡುವೆ ನಡೆಸಿದ. ನಡುವೆ ಚರಂಡಿ ಇತ್ತು. ಗಾಡಿಯ ಮೂತಿ ಕೆಳಗೆ, ಹಿಂಭಾಗ ಮೇಲೆ ಆಗಿ ನಿಂತಿತು. ಫೋನಿನಲ್ಲಿ ಸಿಗ್ನಲ್ ಇರಲಿಲ್ಲ. ಗಂಟೆ ಎರಡೂವರೆ.

"ನೀನು ಚಿಕ್ಕವನು, ನೀನೇ ನಡೆದು ಹೋಗಿ ಯಾರನ್ನಾದ್ರೂ ಕರ್ಕೊಂಡು ಬಾ," ಎಂದರು ಇಬ್ಬರೂ. ಎರಡು ವರ್ಷದಲ್ಲಿ ಅವರು ಒಪ್ಪಿದ ಮೊದಲ ಮಾತು ಅದು.

ಜುಲೈ ತಿಂಗಳ ಬಿಸಿಲು ಬಾಣಲೆಯ ಹಾಗೆ ಕಾದಿತ್ತು. ವೆಂಡೆಲ್ ಮೂರು ಮೈಲಿ ನಡೆದ. ದಾರಿಯಲ್ಲಿ ಒಂದು ನಾಯಿ ಅಟ್ಟಿಸಿಕೊಂಡು ಬಂತು. ಅದರಿಂದ ತಪ್ಪಿಸಿಕೊಳ್ಳಲು ಮುಳ್ಳುತಂತಿ ಬೇಲಿ ಹಾರುವಾಗ ಪ್ಯಾಂಟಿನ ಹಿಂಭಾಗ ಬೇಲಿಯಲ್ಲೇ ಉಳಿಯಿತು. ಓಪಲ್ ಅವನಿಗೆ ತನ್ನ ಏಪ್ರನ್ ಒಂದನ್ನು ಹಿಂದುಮುಂದಾಗಿ ಕಟ್ಟಿ, ಟ್ರ್ಯಾಕ್ಟರ್ ಹೊರಡಿಸಿದಳು. "ಆ ಕವಲಿನ ಹತ್ರ ಬಿದ್ದಿದ್ರೆ ಅದು ನನ್ನ ಹೊಲವೇ ಕಣೋ," ಎಂದಳು. ಅಲ್ಲಿ ಮುಟ್ಟಿದಾಗ ನಾಲ್ಕೂವರೆ. ಅಷ್ಟು ಹೊತ್ತಿಗೆ ಒಬ್ಬರು ಇನ್ನೊಬ್ಬರ ಕತ್ತು ಹಿಸುಕಿರುತ್ತಾರೆಂದು ಅವನು ಟ್ರ್ಯಾಕ್ಟರು ನಿಲ್ಲುವ ಮೊದಲೇ ಹಾರಿ ಓಡಿದ.

ಇಬ್ಬರೂ ಒಂದು ಓಕ್ ಮರದ ನೆರಳಿನಲ್ಲಿ ಬೂಟು ಬಿಚ್ಚಿ ಕಾಲು ಚಾಚಿ ಕೂತಿದ್ದರು.

"ಬೀಗರೇ, ಎಷ್ಟಾಯ್ತು?" ಎಂದು ರಾಯ್ಸ್ ಕೇಳುತ್ತಿದ್ದರು.

"ಎರಡು ಗಂಟೆಗೆ ಮೂರು ಗಾಡಿ. ಅದರಲ್ಲಿ ಒಂದು ಈ ಟ್ರ್ಯಾಕ್ಟರು."

"ನನ್ನ ಮನೆ ಮುಂದೆ ಹಾಲು ತರೋಕೆ ರಸ್ತೆ ದಾಟ್ಬೇಕಂದ್ರೆ ಇಪ್ಪತ್ತು ನಿಮಿಷ ನಿಲ್ಬೇಕು ಬೀಗರೇ. ಇದನ್ನ ನಾನು ಯಾರ ಹತ್ರಾನೂ ಹೇಳಿಲ್ಲ."

"ನಾನು ಹೇಳಿದೀನಾ? ಪ್ರತಿ ಮಳೆಗಾಲ ಮನೆಗೆ ನೀರು ನುಗ್ಗುತ್ತೆ ಅಂತ ಸೋಫಾನ ಮೇಜಿನ ಮೇಲೆ ಎತ್ತಿಟ್ಟು ಕೂರ್ತೀನಿ."

ವೆಂಡೆಲ್‌ಗೆ ಏಪ್ರನ್ ಕಟ್ಟಿಕೊಂಡೇ ಕುಣಿಯಬೇಕೆನಿಸಿತು. ಕಣ್ಣಲ್ಲಿ ನೀರೇ ಬಂತು. ಓಪಲ್ ಗಾಡಿ ಎಳೆದುಕೊಟ್ಟಳು. ಹಿರಿಯರಿಬ್ಬರೂ, ನೀನು ಮುಂದೆ ಹೋಗು, ನಾವು ಇವರ ಹತ್ತಿರ ಸ್ವಲ್ಪ ಮಾತಾಡಿ ಟ್ರ್ಯಾಕ್ಟರಿನಲ್ಲೇ ಬರುತ್ತೇವೆ ಎಂದರು. ಅವನು ತಕರಾರು ಮಾಡಲಿಲ್ಲ.

ಆರಕ್ಕೆ ಐದು ನಿಮಿಷವಿದ್ದಾಗ ಅವರು ಹೋಟೆಲಿಗೆ ಬಂದರು. ಆರಕ್ಕೆ ಸರಿಯಾಗಿ ಫೋನು ಬಡಿದುಕೊಂಡಿತು. ವೆಂಡೆಲ್ ಅದನ್ನು ಜೋರು ಮಾಡಿ ಮೇಜಿನ ಮೇಲಿಟ್ಟ.

"ಮದುವೆ ಎಲ್ಲಿ?" ಎಂದಳು ಲೋರ್ನಾ.

"ಪಿಕೆಟ್ ಕ್ರಾಸಿಂಗಲ್ಲಿ," ಎಂದರು ಇಬ್ಬರೂ, ಒಂದೇ ಬಾಯಲ್ಲಿ.

ಆ ಕಡೆಯಿಂದ ಒಂದು ನಿಟ್ಟುಸಿರು ಕೇಳಿತು. "ದೇವರು ದೊಡ್ಡವನು. ಉಂಗುರ ನನ್ನ ಕೈಯಲ್ಲೇ ಇರುತ್ತೆ ವೆಂಡೆಲ್."

"ಇನ್ನೂ ಇದೆ ಮಗಳೇ," ಎಂದರು ಡೆಲ್ಬರ್ಟ್. "ನಿಮಗೊಂದು ಉಡುಗೊರೆ. ಓಪಲ್ ಅವರ ಹೊಲದಲ್ಲಿ ಮೂರು ನಿವೇಶನ ಮಾತಾಡಿ ಬಂದಿದೀವಿ. ನಡುವಿನದು ನಿಮ್ದು, ಮನೇನೂ ನಾವೇ ಕಟ್ಟಿಸಿಕೊಡ್ತೀವಿ. ನೀನು ಡಲ್ಲಾಸಿಗೆ ಹೋಗ್ಬೇಕಾಗಿಲ್ಲ, ಅವನು ಹ್ಯೂಸ್ಟನ್ನಿಗೆ ಬರ್ಬೇಕಾಗಿಲ್ಲ. ಯಾರಿಗೂ ಅನ್ಯಾಯ ಇಲ್ಲ."

ವೆಂಡೆಲ್ ಕುರ್ಚಿಯಿಂದ ಎದ್ದ. "ಮಾವ, ನನ್ನ ಕೆಲಸ ಡಲ್ಲಾಸಲ್ಲಿ. ಇಲ್ಲಿಂದ ಎರಡು ಗಂಟೆ."

"ಅವಳಿಗೂ ಎರಡೇ ಗಂಟೆ. ಸಮ ಆಯ್ತಲ್ಲ."

"ಆಯ್ತು," ಎಂದಿತು ಫೋನು. "ಇಬ್ರೂ ಒಪ್ಪಿದ್ದು ಏನೇ ಆದ್ರೂ ನನಗೆ ಒಪ್ಪಿಗೆ. ಇನ್ನೊಂದು ಸಲ ಜಗಳ ಶುರು ಮಾಡ್ಬೇಡ ವೆಂಡೆಲ್, ಕಾಲು ಹಿಡ್ಕೋತೀನಿ." ಕರೆ ಮುಗಿಯಿತು.

"ಮೂರು ನಿವೇಶನ ಅಂದ್ರಲ್ಲ," ಎಂದ ವೆಂಡೆಲ್ ನಿಧಾನವಾಗಿ. "ಉಳಿದೆರಡು ಯಾರಿಗೆ?"

"ಉತ್ತರದ ಕಡೇದು ನನಗೆ," ಎಂದರು ಅಪ್ಪ.

"ದಕ್ಷಿಣದ್ದು ನನಗೆ," ಎಂದರು ಮಾವ. "ಬೇಲಿ ಕೂಡ ಬೇಡ ಅಂದ್ಕೊಂಡಿದೀವಿ. ಮನೆಮಂದಿಗೆಲ್ಲ ಬೇಲಿ ಯಾಕೆ?"

ಓಪಲ್ ಕಾಗದದ ಕರವಸ್ತ್ರವೊಂದನ್ನು ಹರಡಿ ಮೂರು ಚೌಕ ಬರೆದಳು. ರಾಯ್ಸ್ ಪೆನ್ನು ತೆಗೆದುಕೊಂಡು ನಡುವಿನ ಮನೆಗೆ ಉತ್ತರಕ್ಕೆ, ಡಲ್ಲಾಸಿನ ಕಡೆಗೆ, ಒಂದು ಬಾಗಿಲು ಬರೆದರು. ಡೆಲ್ಬರ್ಟ್ ಅದನ್ನು ನೋಡಿದರು. ನಿಧಾನವಾಗಿ ಪೆನ್ನು ಕಸಿದುಕೊಂಡು ಅದನ್ನು ಹೊಡೆದು ಹಾಕಿ ದಕ್ಷಿಣಕ್ಕೆ, ಹ್ಯೂಸ್ಟನ್ನಿನ ಕಡೆಗೆ, ಇನ್ನೊಂದು ಬರೆದರು.

"ಎರಡು ಬಾಗಿಲು ಇಡೋಣ," ಎಂದ ವೆಂಡೆಲ್ ಗಡಿಬಿಡಿಯಲ್ಲಿ. "ಉತ್ತರಕ್ಕೊಂದು, ದಕ್ಷಿಣಕ್ಕೊಂದು."

ಇಬ್ಬರ ಮುಖವೂ ಅರಳಿತು. ಎಂಥ ಬುದ್ಧಿವಂತ ಎಂದು ರಾಯ್ಸ್ ಮಗನ ಬೆನ್ನು ತಟ್ಟಿದರು. ಡೆಲ್ಬರ್ಟ್ ಟೀ ಲೋಟ ಎತ್ತಿ ಒಂದು ಗುಟುಕು ಕುಡಿದು ಕೆಳಗಿಟ್ಟರು.

"ಸರಿ," ಎಂದರು. "ಅದರಲ್ಲಿ ಹಿತ್ತಿಲ ಬಾಗಿಲು ಯಾವುದು?"