ಮನಶ್ಶಾಂತಿಗೆ ಹತ್ತಕ್ಕೆ ನಾಲ್ಕು

ಮೊದಲೇ ಹೇಳಿಬಿಡ್ತೀನಿ, ನಾನು ಯಾರಿಗೂ ಹೆದರುವವಳಲ್ಲ. ಹೆದರುವವಳಾಗಿದ್ದರೆ ಜನರಿಗೆ ಕಾರು ಕಲಿಸುವ ಕೆಲಸಕ್ಕೆ ಸೇರುತ್ತಲೇ ಇರಲಿಲ್ಲ. ಎದುರಿಗೆ ಬಸ್ಸು ಬರುತ್ತಿರುವಾಗ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು "ಮೇಡಂ, ಬ್ರೇಕು ಮಧ್ಯದ್ದಾ, ಕೊನೇದಾ?" ಎಂದು ಕೇಳುವ ಶಿಷ್ಯೋತ್ತಮರ ಪಕ್ಕದಲ್ಲಿ ದಿನವಿಡೀ ನಗುಮುಖ ಇಟ್ಟುಕೊಂಡು ಕೂರುವುದು ಹುಡುಗಾಟವಲ್ಲ. ನಮ್ಮ ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ನನ್ನ ಕಾಲ ಕೆಳಗೂ ಒಂದು ಬ್ರೇಕ್ ಇದೆ. ಈ ಊರಿನ ಜನಸಂಖ್ಯೆ ಇನ್ನೂ ಇಷ್ಟಾದರೂ ಉಳಿದಿದ್ದರೆ ಅದಕ್ಕೆ ಆ ಬ್ರೇಕು ಮತ್ತು ನಾನು ಕಾರಣ. (ಇದುವರೆಗೆ ಯಾರೂ ಕರೆದು ಸನ್ಮಾನ ಮಾಡಿಲ್ಲ. ಇರಲಿ.)

ತಕರಾರು ಶುರುವಾದದ್ದು ನನ್ನ ಹಲ್ಲಿನಿಂದ. ನಾನು ನಿದ್ದೆಯಲ್ಲಿ ಹಲ್ಲು ಕಡಿಯುತ್ತೇನಂತೆ. 'ಅಂತೆ' ಯಾಕೆಂದರೆ ನಾನು ಕೇಳಿಸಿಕೊಂಡಿಲ್ಲ. ಕೇಳಿಸಿಕೊಂಡವರು ನಮ್ಮ ಯಜಮಾನರು.

"ಹಲ್ಲು ಕಡಿದ್ರೆ ಕಡ್ಕೋ, ಹೇಗೋ ಕಿವಿ ಮುಚ್ಕೊಂಡು ಮಲಗ್ತೀನಿ. ಆದ್ರೆ ನಿದ್ದೇಲಿ ಬ್ರೇಕ್ ಹಾಕೋದು ಬಿಡು ಕಣೇ. ಇದು ಕಾಲು, ಪೆಡಲ್ ಅಲ್ಲ" ಎಂದು ಒಂದು ಬೆಳಿಗ್ಗೆ ಪೈಜಾಮ ಮೇಲೆತ್ತಿ ನೀಲಿಗಟ್ಟಿದ ಮೀನಖಂಡ ತೋರಿಸಿದರು.

ಹಲ್ಲಿನ ಡಾಕ್ಟರಮ್ಮನ ಹತ್ತಿರ ಹೋದೆ. ಬಾಯಿ ತುಂಬ ಹತ್ತಿ ತುರುಕಿ ಆಮೇಲೆ ಪ್ರಶ್ನೆ ಕೇಳುವ ಪೈಕಿ ಆಕೆ. "ಮನಸ್ಸಲ್ಲಿ ಏನಾದ್ರೂ ಇಟ್ಕೊಂಡು ಕೊರಗ್ತೀರಾ?" ಎಂದರು. ಊಂಹೂಂ ಎಂದೆ. "ಕೆಲಸದಲ್ಲಿ ಒತ್ತಡ?" ಊಂಹೂಂ. "ಮನೇಲಿ ಅತ್ತೆ ಇದ್ದಾರಾ?"

ಹತ್ತಿ ಹಾರಿ ಹೋಗಿ ಕಿಟಕಿಗೆ ಬಡಿಯಿತು.

ಆಕೆಗೆ ಅರ್ಥವಾಯಿತು. "ನೋಡಿ, ಮಲಗೋಕೆ ಮುಂಚೆ ಒಂದಿಷ್ಟು ಹೊತ್ತು ಒಬ್ಬರೇ ಕೂತು, ಮನಸ್ಸಿಗೆ ಬಂದದ್ದೆಲ್ಲ ಒಂದು ಪುಸ್ತಕದಲ್ಲಿ ಬರೀರಿ. ಯಾರಿಗೂ ತೋರಿಸ್ಬೇಡಿ. ಮನಸ್ಸು ಹಗುರಾಗುತ್ತೆ, ಹಲ್ಲು ಉಳಿಯುತ್ತೆ" ಎಂದರು.

ಅವತ್ತೇ ಊಟದ ಮೇಜಿನ ಮೇಲೆ ನನ್ನ ಸ್ವಾತಂತ್ರ್ಯ ಘೋಷಣೆ ಆಯಿತು. ನಮ್ಮದು ಅಂಥ ದೊಡ್ಡ ಸಂಸ್ಥಾನವೇನಲ್ಲ. ಕನ್ನಡಕದ ಅಂಗಡಿ ಇಟ್ಟುಕೊಂಡಿರುವ ಗಂಡ, ಹೈಸ್ಕೂಲಿಗೆ ಹೋಗುವ ಮಗಳು, ಮತ್ತು ನಿವೃತ್ತ ವ್ಯಾಕರಣ ಟೀಚರ್ ಆದ ನಮ್ಮತ್ತೆ. ನಿವೃತ್ತರಾದ ವಿಷಯ ಅವರ ಶಾಲೆಗೆ ಮಾತ್ರ ಗೊತ್ತಿದೆ. ಅತ್ತೆಗೆ ಇನ್ನೂ ಯಾರೂ ಹೇಳಿದಂತೆ ಕಾಣೆ.

"ಇವತ್ತಿಂದ ಊಟ ಆದ್ಮೇಲೆ ನಾನು ಬೆಡ್‌ರೂಮಿನ ಬಾಗಿಲು ಹಾಕ್ಕೊಂಡು ಬರೀತೀನಿ. ಯಾರೂ ತಟ್ಟೋ ಹಾಗಿಲ್ಲ, ಕೂಗೋ ಹಾಗಿಲ್ಲ, ಚಾರ್ಜರ್ ಹುಡುಕ್ಕೊಂಡು ಬರೋ ಹಾಗಿಲ್ಲ" ಎಂದೆ.

"ಏನ್ ಬರೀತೀಯ?" ಎಂದರು ಇವರು, ತುತ್ತು ಬಾಯಿಯ ಹತ್ತಿರ ನಿಲ್ಲಿಸಿ.

"ಮನಸ್ಸಿಗೆ ಬಂದದ್ದು."

"ಅಂದ್ರೆ ನನ್ನ ಬಗ್ಗೆನಾ?"

"ನೀವು ಮನಸ್ಸಿಗೆ ಬಂದ್ರೆ ನೋಡೋಣ."

"ಅಮ್ಮ, ನನ್ನ ಮಾರ್ಕ್ಸ್ ವಿಷಯ ಮಾತ್ರ ಬರೀಬೇಡ" ಎಂದಳು ಮಗಳು. ಅತ್ತೆ ಮಾತ್ರ ಬಹಳ ಗಂಭೀರವಾಗಿ ನೀರು ಕುಡಿದು, "ಬರೀಲಿ ಬಿಡೋ. ಬರೆಯೋದು ಒಳ್ಳೇದು. ಎಡಗಡೆ ಅಂಚು ಬಿಟ್ಟು ಬರಿಯಮ್ಮ" ಎಂದರು. ಅಂಚು ಯಾಕೆ ಎಂದು ಆಗಲೇ ಕೇಳಬೇಕಿತ್ತು. ಬುದ್ಧಿ ಓಡಲಿಲ್ಲ.

ಮೊದಲ ದಿನ ಬಾಗಿಲು ಹಾಕಿಕೊಂಡು, ಕಾಲು ಚಾಚಿ, ಹೊಸ ಪುಸ್ತಕ ತೆಗೆದು ಡಾಕ್ಟರಮ್ಮ ಹೇಳಿದಂತೆ ಶಾಂತವಾಗಿ ಉಸಿರೆಳೆದೆ. 'ಇಂದು ಆಕಾಶ ನೀಲಿಯಾಗಿತ್ತು' ಎಂದು ಬರೆದೆ. ಆಮೇಲೆ ಆಕಾಶದ ಬಗ್ಗೆ ನನಗೆ ಹೇಳುವುದೇನೂ ಇರಲಿಲ್ಲ. ಅದನ್ನು ಹೊಡೆದು ಹಾಕಿ ಮನಸ್ಸಿನಲ್ಲಿ ನಿಜವಾಗಿ ಇದ್ದದ್ದನ್ನು ಬರೆದೆ:

'ನನ್ನ ಬಾಳಿನಲ್ಲಿ ಅತ್ತೆಯ ಭಾದೆ ಬಹಳ ಧೀರ್ಘವಾದದ್ದು. ಅವರಿರುವ ಕಡೆ ನಿಶ್ಯಬ್ದ ಎಂಬುದೇ ಇಲ್ಲ. ನಾನು ತೊಳೆದ ಪಾತ್ರೆಯನ್ನು ಮತ್ತೆ ತೊಳೆಯುತ್ತಾರೆ. ನಾನು ಮಡಚಿದ ಬಟ್ಟೆಯನ್ನು ಬಿಚ್ಚಿ ಮತ್ತೆ ಮಡಚುತ್ತಾರೆ. ಎಲ್ಲವನ್ನೂ ಎರಡನೇ ಸಲ ಮಾಡುವವರು ಮಗನನ್ನು ಮಾತ್ರ ಒಂದೇ ಸಲ ಬೆಳೆಸಿ ಬಿಟ್ಟುಬಿಟ್ಟಿದ್ದಾರೆ. ಅದನ್ನು ಇನ್ನೊಂದು ಸಲ ಮಾಡಬೇಕಿತ್ತು.'

ಆಹಾ! ಅಂಥ ನಿದ್ದೆ ಮದುವೆಯಾದ ಮೇಲೆ ಬಂದಿರಲಿಲ್ಲ. ಹಲ್ಲೂ ಸುಮ್ಮನಿತ್ತು, ಕಾಲೂ ಸುಮ್ಮನಿತ್ತು. ಬೆಳಿಗ್ಗೆ ಎದ್ದಾಗ ಅತ್ತೆಯ ಮೇಲೆ ಪ್ರೀತಿಯೇ ಬಂದು, ಅವರ ಟೀಗೆ ಅರ್ಧ ಚಮಚ ಸಕ್ಕರೆ ಜಾಸ್ತಿ ಹಾಕಿದೆ. (ಅದಕ್ಕೂ ಮುಖ ಸಿಂಡರಿಸಿದರು. ಅದನ್ನೂ ಬರೆಯೋಣ ಎಂದುಕೊಂಡೆ. ಬರೆಯುವವಳಿಗೆ ಯಾವುದೂ ನಷ್ಟವಲ್ಲ ನೋಡಿ.)

ಸಂಜೆ ಪುಸ್ತಕ ತೆಗೆದರೆ ಹಾಳೆಯೆಲ್ಲ ಕೆಂಪು!

'ಭಾದೆ'ಯ ಸುತ್ತ ಒಂದು ಸೊನ್ನೆ, ಅದರ ಮೇಲೆ ಮುತ್ತಿನಂಥ ಅಕ್ಷರದಲ್ಲಿ 'ಬಾಧೆ'. 'ಧೀರ್ಘ'ದ ಹೊಟ್ಟೆಯ ಸೀಳು ಮುಚ್ಚಿ 'ದೀರ್ಘ' ಮಾಡಿದ್ದರು. 'ನಿಶ್ಯಬ್ದ'ದ ಪಕ್ಕದಲ್ಲಿ 'ನಿಶ್ಶಬ್ದ – ಐದು ಸಲ ಬರೆ'. ಕೊನೆಯ ವಾಕ್ಯದ ಕೆಳಗೆ ಗೆರೆ ಎಳೆದು 'ಒಳ್ಳೆಯ ಕಲ್ಪನೆ' ಎಂದಿತ್ತು. ಎಡಗಡೆಯ ಅಂಚಿನಲ್ಲಿ ಅಂಕ: ಹತ್ತಕ್ಕೆ ನಾಲ್ಕು. ಅದರ ಕೆಳಗೆ ಸಹಿ ಬೇರೆ!

ಪುಸ್ತಕ ಹಿಡಿದುಕೊಂಡು ಹಾಲಿಗೆ ನುಗ್ಗಿದೆ. ಅತ್ತೆ ಕಾಲ ಮೇಲೆ ಕಾಲು ಹಾಕಿಕೊಂಡು ಆ ದಿನದ ಪೇಪರನ್ನು ತಿದ್ದುತ್ತಾ ಕೂತಿದ್ದರು.

"ಅತ್ತೆ, ನನ್ನ ಪುಸ್ತಕ ಓದಿದ್ರಾ?"

"ಓದಲಿಲ್ಲಮ್ಮ. ತಿದ್ದಿದೆ."

"ತಿದ್ದೋಕೆ ಮುಂಚೆ ಓದ್ಬೇಕಲ್ಲ?"

"ತಪ್ಪು ತಾನಾಗೇ ಕಣ್ಣಿಗೆ ಬೀಳುತ್ತೆ. ನಾವು ಹುಡುಕ್ಕೊಂಡು ಹೋಗ್ಬೇಕಾಗಿಲ್ಲ."

"ಅದರಲ್ಲಿ ನಿಮ್ಮನ್ನ ಏನೇನು ಬೈದಿದೀನಿ ಅಂತ ಗೊತ್ತಾ?"

"ವಿಷಯ ನಿನ್ನಿಷ್ಟ" ಎಂದರು ಅತ್ತೆ, ಪೇಪರಿನಿಂದ ತಲೆ ಎತ್ತದೆ. "ಕಾಗುಣಿತ ಮಾತ್ರ ನಿನ್ನಿಷ್ಟ ಅಲ್ಲ."

ಬೇರೆ ಯಾವ ಸೊಸೆಯಾಗಿದ್ದರೂ ಪುಸ್ತಕವನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದಳು. ನಾನು ಹಾಕಲಿಲ್ಲ. ಬೀಗ ಹಾಕಿದರೆ ಹೆದರಿದ ಹಾಗಾಗುವುದಿಲ್ಲವೇ? ನನ್ನ ಪುಸ್ತಕ, ನನ್ನ ಮನೆ, ನನ್ನ ದಿಂಬು. ದಿಂಬಿನ ಪಕ್ಕದಲ್ಲೇ ರಾಜಾರೋಷವಾಗಿ ಬಿಸಾಡಿದೆ. ಅವತ್ತು ಇನ್ನೂ ಖಾರವಾಗಿ ಬರೆದೆ. ಅತ್ತೆಯ ಗೊರಕೆ, ಅತ್ತೆಯ ರೇಡಿಯೊ, ನನ್ನ ಗೆಳತಿಯರ ಎದುರಿಗೆ ಅವರು ಕೊಡುವ ಉಪನ್ಯಾಸ, ಒಂದನ್ನೂ ಬಿಡಲಿಲ್ಲ. ಮಗಳ ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡೇ ಬರೆದೆ. ಬೈಯುವುದೇ ಆದರೆ ತಪ್ಪಿಲ್ಲದೆ ಬೈಯೋಣ ಎಂಬ ಹಟ.

ಐದು ಬಂತು. 'ಗೊರಕೆಯ ವರ್ಣನೆ ಸಹಜವಾಗಿದೆ. ಉಪಮಾನ ಹಳೆಯದು.'

ಹಳೆಯದಂತೆ! ಮರುದಿನ ಕೆಲಸದಲ್ಲೆಲ್ಲ ಹೊಸ ಉಪಮಾನದ್ದೇ ಚಿಂತೆ. ಗೊರಕೆಯನ್ನು ಏನಕ್ಕೆ ಹೋಲಿಸಬಹುದು? ಮೊದಲ ಗೇರಿನಲ್ಲಿ ದಿಬ್ಬ ಹತ್ತುವ ಲಾರಿಗೆ? ಆ ಹೊತ್ತಿನಲ್ಲಿ ಕಾರು ಓಡಿಸುತ್ತಿದ್ದವನು ಒಬ್ಬ ಬ್ಯಾಂಕಿನ ಗುಮಾಸ್ತ. ನಾಲ್ಕು ರಸ್ತೆ ಕೂಡುವಲ್ಲಿ "ಮೇಡಂ, ಬಲಕ್ಕಾ, ಎಡಕ್ಕಾ?" ಎಂದು ಕೇಳಿದ. ಅಷ್ಟರಲ್ಲಿ ಉಪಮಾನದಿಂದ ಕಾಗುಣಿತಕ್ಕೆ ಜಾರಿದ್ದ ನಾನು ಅದೇ ಧ್ಯಾನದಲ್ಲಿ "ಮಹಾಪ್ರಾಣ!" ಎಂದುಬಿಟ್ಟೆ. 'ಪ್ರಾಣ' ಎಂಬ ಶಬ್ದ ಕಿವಿಗೆ ಬಿದ್ದದ್ದೇ ತಡ, ಆತ ಸ್ಟಿಯರಿಂಗ್ ಬಿಟ್ಟು ಎರಡೂ ಕೈ ಮೇಲೆತ್ತಿದ. ನನ್ನ ಕಾಲ ಕೆಳಗಿನ ಬ್ರೇಕು ಮತ್ತೊಮ್ಮೆ ಜನಸಂಖ್ಯೆ ಕಾಪಾಡಿತು.

ಇತ್ತ ಮನೆಯಲ್ಲಿ ಇನ್ನೊಂದು ಗಲಾಟೆ. ನಮ್ಮ ಯಜಮಾನರು ಮುಖ ಊದಿಸಿಕೊಂಡು ಓಡಾಡತೊಡಗಿದರು. ಏನು ಎಂದು ಕೇಳಿದರೆ ಕೊನೆಗೆ ಬಾಯಿಬಿಟ್ಟರು.

"ಅಮ್ಮನ ಬಗ್ಗೆ ಪುಟಗಟ್ಟಲೆ ಬರೀತೀಯ. ನನ್ನ ಬಗ್ಗೆ ಒಂದೇ ಸಾಲು."

"ನೀವೂ ಓದಿದ್ರಾ?"

"ಎಲ್ರೂ ಓದ್ತಾರೆ, ನಾನೊಬ್ಬನೇ ಹೊರಗಿನವನಾ? 'ಇವರು ಎಂದಿನಂತೆ ಇದ್ದರು.' ಇದು ಒಂದು ಸಾಲಾ? ಎಂದಿನಂತೆ ಅಂದ್ರೆ ಏನರ್ಥ? ನಾನೇನು ಗೋಡೆ ಗಡಿಯಾರಾನಾ?"

"ಗಡಿಯಾರ ಆಗಾಗ ಮುಂದಾದ್ರೂ ಹೋಗುತ್ತೆ ಕಣ್ರೀ."

ಅವರು ಅವತ್ತು ಊಟಕ್ಕೆ ಕೂರಲಿಲ್ಲ. ನಿಂತುಕೊಂಡೇ ಊಟ ಮಾಡಿದರು.

ನನಗೆ ಅದನ್ನೆಲ್ಲ ಗಮನಿಸಲು ಪುರುಸೊತ್ತೆಲ್ಲಿ? ಆರು ಬಂತು. ಒಂದು ದಿನ ಏಳೂ ಬಂತು! ಏಳು ಬಂದ ದಿನ ಅಡುಗೆಮನೆಯಲ್ಲಿ ಒಬ್ಬಳೇ ಕುಣಿದೆ. ಮರುದಿನ 'ವಾಕ್ಯ ಉದ್ದವಾಯಿತು' ಎಂದು ಮತ್ತೆ ಐದಕ್ಕೆ ಇಳಿಸಿದರು. ಮಲಗಿದರೆ ನಿದ್ದೆಯಿಲ್ಲ. ಹೊರಳಿದರೆ ಒತ್ತಕ್ಷರ, ಮಗ್ಗುಲಾದರೆ ವಿಭಕ್ತಿ ಪ್ರತ್ಯಯ. ಹಲ್ಲು ಮೊದಲಿಗಿಂತ ಜೋರಾಗಿ ಕಡಿಯತೊಡಗಿ, ಒಂದು ಚೂರು ಕಳಚಿ ಬಿತ್ತು.

"ಬರೀತಿದೀರಾ?" ಎಂದರು ಡಾಕ್ಟರಮ್ಮ, ಬಾಯಿಯೊಳಗೆ ಟಾರ್ಚ್ ಬಿಡುತ್ತಾ.

"ಬಿಡದೆ ಬರೀತಿದೀನಿ."

"ಹಗುರ ಅನ್ನಿಸ್ತಿದೆಯಾ?"

"ಒಂದ್ಸಲ ಏಳು ಬಂದಿತ್ತು."

ಆಕೆ ಟಾರ್ಚ್ ಆರಿಸಿ ನನ್ನನ್ನೇ ನೋಡಿದರು. ನಾನು ವಿವರಿಸಲು ಹೋಗಲಿಲ್ಲ. ಆದರೆ ಮನೆಗೆ ಬರುವ ದಾರಿಯಲ್ಲಿ ರೋಷ ಉಕ್ಕಿತು. ನೆಮ್ಮದಿಗೆಂದು ಹಿಡಿದ ಪುಸ್ತಕ ಇದು! ಇದರಲ್ಲಿ ತಪ್ಪು ಬರೆಯುವುದು ನನ್ನ ಆಜನ್ಮಸಿದ್ಧ ಹಕ್ಕು! ಚಪ್ಪಲಿಯನ್ನೂ ಬಿಡದೆ ಅತ್ತೆಯ ಕೋಣೆಯ ಬಾಗಿಲಲ್ಲಿ ನಿಂತೆ.

"ಅತ್ತೆ, ಇವತ್ತಿಂದ ನನ್ನ ಪುಸ್ತಕಕ್ಕೆ ನಿಮ್ಮ ಕೆಂಪು ಪೆನ್ನು ತಾಗಬಾರದು. ನಾನು ಏನಾದ್ರೂ ಬರ್ಕೋತೀನಿ, ಹೇಗಾದ್ರೂ ಬರ್ಕೋತೀನಿ. ನನಗೆ ನಿಮ್ಮ ಅಂಕ ಬೇಡ!"

ಯುದ್ಧಕ್ಕೆ ಸಿದ್ಧವಾಗಿಯೇ ಹೋಗಿದ್ದೆ. ಅತ್ತೆ ಕನ್ನಡಕ ಸರಿಮಾಡಿಕೊಂಡು "ಸರಿಯಮ್ಮ" ಎಂದುಬಿಟ್ಟರು.

ಅಷ್ಟೇ. ಸರಿಯಮ್ಮ!

ಗೆದ್ದೆ ಎಂದು ಬೀಗಿದೆ. ಮರುಸಂಜೆ ಪುಸ್ತಕ ತೆಗೆದರೆ ಹಾಳೆ ಬೆಳ್ಳಗೆ, ನಾನು ಬರೆದದ್ದು ಬರೆದ ಹಾಗೇ ಇತ್ತು. ಅದರ ಮರುದಿನವೂ ಅಷ್ಟೇ. ಸಂತೋಷಪಡಬೇಕಾದವಳು ಹಾಳೆಯನ್ನು ದೀಪಕ್ಕೆ ಹಿಡಿದು ಎಲ್ಲಾದರೂ ಕೆಂಪು ಕಾಣುತ್ತದೆಯೇ ಎಂದು ನೋಡಿದೆ. ಬೇಕೆಂದೇ ಒಂದೆರಡು ತಪ್ಪು ಬರೆದೆ. ಸದ್ದಿಲ್ಲ. ಕೊನೆಗೆ ಇಡೀ ಪುಟದ ತುಂಬ 'ಅಥ್ಥೆ, ಅಥ್ಥೆ' ಎಂದು ಬರೆದು, ಪುಸ್ತಕವನ್ನು ಅವರ ಕೋಣೆಯ ಎದುರಿಗೇ ಬಿಚ್ಚಿಟ್ಟೆ. ಅವರು ಅದನ್ನು ದಾಟಿಕೊಂಡು ಬಾಲ್ಕನಿಗೆ ಹೋದರು! ವ್ಯಾಕರಣ ಟೀಚರೊಬ್ಬರು 'ಅಥ್ಥೆ'ಯನ್ನು ದಾಟಿಹೋಗುವುದೆಂದರೆ ಸಾಮಾನ್ಯ ಸಂಗತಿಯೇ? ಮೈಗೆ ಹುಷಾರಿಲ್ಲವೇನೋ ಎಂದು ನನಗೆ ಭಯವಾಯಿತು.

ಭಾನುವಾರ ಮಧ್ಯಾಹ್ನ ತಡೆಯಲಾರದೆ ಪುಸ್ತಕ ಎತ್ತಿಕೊಂಡು ಅವರ ಕೋಣೆಗೆ ನಡೆದೆ. ಶರಣಾಗತಿ ಎಂದು ತಿಳಿಯಬೇಡಿ. ಒಂದೇ ಒಂದು ಪದದ ಬಗ್ಗೆ ಅನುಮಾನವಿತ್ತು, ಕೇಳಿ ಬರೋಣ ಎಂದು, ಅಷ್ಟೇ.

ಬಾಗಿಲು ತೆಗೆದರೆ ಕಿಟಕಿಯ ಪಕ್ಕದ ಮೇಜಿನಲ್ಲಿ ನಮ್ಮ ಯಜಮಾನರು! ನಾಲಿಗೆಯ ತುದಿ ಹೊರಗೆ ಹಾಕಿಕೊಂಡು ಬರೆಯುತ್ತಿದ್ದಾರೆ. ಅತ್ತೆ ಮಂಚದ ಮೇಲೆ ಕೆಂಪು ಪೆನ್ನು ಹಿಡಿದು ಮಂದಹಾಸ ಬೀರುತ್ತಿದ್ದಾರೆ.

"ನೀವೇನ್ರೀ ಮಾಡ್ತಿದೀರ ಇಲ್ಲಿ?"

"ಮನಸ್ಸು ಹಗುರ ಮಾಡ್ಕೋತಿದೀನಿ" ಎಂದರು ಇವರು. ಅವರ ಮುಖದಲ್ಲಿ ಅಷ್ಟು ನೆಮ್ಮದಿ ನಾನು ಕಂಡೇ ಇರಲಿಲ್ಲ.

"ನೀನು ಬೇಡ ಅಂದ್ಮೇಲೆ ನನಗೂ ಕೈ ಖಾಲಿ ಇತ್ತು" ಎಂದರು ಅತ್ತೆ. "ಇವನು ಬಂದ. ಶಾಲೇಲಿ ಒಂದು ದಿನ ನೆಟ್ಟಗೆ ಬರೆದವನಲ್ಲ. ಈಗ ನೋಡು, ಮೊನ್ನೆ ಬರೆದದ್ದಕ್ಕೆ ಒಂಬತ್ತು ಕೊಟ್ಟಿದೀನಿ. ಓದು, ನಿನಗೂ ಅನುಕೂಲ ಆಗುತ್ತೆ."

ಒಂಬತ್ತು! ನನ್ನ ಏಳನ್ನು ಮೀರಿಸಿದ ಆ ಮಹಾಕೃತಿಯ ಶೀರ್ಷಿಕೆ 'ನನ್ನ ಹೆಂಡತಿ'.

ಓದಿದೆ. 'ನನ್ನ ಹೆಂಡತಿ ಮನೆಯಲ್ಲೂ ಕಾರು ಕಲಿಸುತ್ತಾಳೆ. ನಾನು ಅಡುಗೆಮನೆಯಿಂದ ಹಾಲಿಗೆ ತಿರುಗುವಾಗ "ನೋಡ್ಕೊಂಡು, ನೋಡ್ಕೊಂಡು" ಎನ್ನುತ್ತಾಳೆ. ನಾನು ಮಾತಾಡಲು ಬಾಯಿ ತೆರೆದರೆ ಅವಳಿಗೆ ಕೆಂಪು ದೀಪ ಕಾಣಿಸುತ್ತದೆ. ಅವಳು ಮಾತಾಡುವಾಗ ಮಾತ್ರ ಎಲ್ಲ ದಿಕ್ಕಿನಲ್ಲೂ ಹಸಿರು. ಜಗಳದಲ್ಲಿ ಆಕೆಗೆ ರಿವರ್ಸ್ ಗೇರೇ ಇಲ್ಲ.' ಪಕ್ಕದಲ್ಲಿ ಕೆಂಪು ಅಕ್ಷರ: 'ಸೊಗಸಾದ ಉಪಮೆ!' ಪುಸ್ತಕವನ್ನು ಮೇಜಿನ ಮೇಲೆ ಕುಕ್ಕಿದೆ. ಹೊಟ್ಟೆಕಿಚ್ಚಿಗಲ್ಲ, ಅನ್ಯಾಯ ಕಂಡು. ಇಷ್ಟು ಸಾಮಾನ್ಯ ಬರಹಕ್ಕೆ ಒಂಬತ್ತು ಹೇಗೆ ಬಂತು? ಸಾಲು ಸಾಲು ಬೆರಳಿಟ್ಟು, ಅಕ್ಷರ ಅಕ್ಷರ ಬಿಡಿಸಿ ಮತ್ತೆ ಓದಿದೆ.

ಸಿಕ್ಕಿತು! ಕೊನೆಯ ಸಾಲಿನಲ್ಲಿ ಸಿಕ್ಕಿಯೇ ಬಿಟ್ಟಿತು!

"ಅತ್ತೆ, ನೋಡಿ ಇಲ್ಲಿ! ನಿಮ್ಮ ಕಣ್ಣಿಗೆ ಬೀಳದ್ದು ನನ್ನ ಕಣ್ಣಿಗೆ ಬಿತ್ತು! 'ಅಬ್ಯಾಸ' ಅಂತ ಬರ್ದಿದಾರೆ! 'ಅಭ್ಯಾಸ' ಆಗ್ಬೇಕು! ಇದಕ್ಕೆ ಒಂಬತ್ತಾ? ಕಡೀರಿ ಅಂಕ!"

ಇವರ ಮುಖ ಬಾಡಿತು. ಅತ್ತೆ ಪುಸ್ತಕ ಇಸಿದುಕೊಂಡು, ಹಾಳೆಯನ್ನು ಹತ್ತಿರಕ್ಕೆ ತಂದು, ದೂರಕ್ಕೆ ಹಿಡಿದು, ಆ ಸಾಲನ್ನು ಗಟ್ಟಿಯಾಗಿ ಓದಿದರು.

"'ಸದಾ ಇನ್ನೊಬ್ಬರ ತಪ್ಪು ಹುಡುಕುವುದು ನನ್ನ ಹೆಂಡತಿಯ ಅಬ್ಯಾಸ.'"

ಅತ್ತೆ ಪೆನ್ನಿನ ಮುಚ್ಚಳ ತೆಗೆದು 'ಬ'ಯನ್ನು 'ಭ' ಮಾಡಿದರು. ಆಮೇಲೆ ಅಂಚಿನಲ್ಲಿದ್ದ ಒಂಬತ್ತನ್ನು ನಿಧಾನವಾಗಿ ಹೊಡೆದು ಹಾಕಿದರು. ನಾನು ಎದೆಯುಬ್ಬಿಸಿ ಇವರ ಕಡೆ ನೋಡಿದೆ. ಅತ್ತೆ ಅದರ ಪಕ್ಕದಲ್ಲಿ ಹತ್ತು ಎಂದು ಬರೆದು ಸಹಿ ಹಾಕಿದರು.

"ಇದ್ಯಾವ ನ್ಯಾಯ ಅತ್ತೆ? ತಪ್ಪು ಸಿಕ್ಕಿದ್ದಕ್ಕೆ ಒಂದಂಕ ಜಾಸ್ತಿನಾ?"

"ಅಕ್ಷರ ನನ್ನ ಕಣ್ತಪ್ಪು, ಬಿಡು. ಈ ಮಾತಿಗೆ ಒಂದು ಉದಾಹರಣೆ ಕೊಟ್ಟಿಲ್ಲ ಅಂತ ಒಂದಂಕ ಕಡಿದಿದ್ದೆ" ಎಂದರು ಅತ್ತೆ. "ಈಗ ನೀನೇ ಬಂದು ಕೊಟ್ಟೆಯಲ್ಲಮ್ಮ."

ನಾನು ಸೋಲುವವಳೇ? ಸೊಂಟದ ಮೇಲೆ ಕೈಯಿಟ್ಟು, "ನಾನಿದನ್ನ ಒಪ್ಪಲ್ಲ. ನನ್ನ ಏಳಂಕದ್ದು, ಇವರ ಹತ್ತಂಕದ್ದು, ಎರಡಕ್ಕೂ ಮರುಮೌಲ್ಯಮಾಪನ ಆಗ್ಬೇಕು!" ಎಂದೆ.

"ಆಗಲಿ" ಎಂದು ಅತ್ತೆ ಮೇಜಿನ ಮೇಲಿದ್ದ ಬಿಳಿ ಹಾಳೆಯೊಂದನ್ನು ನನ್ನ ಕೈಗಿತ್ತರು. "ಅರ್ಜಿ ಬರೆದು ಕೊಡು. ತಪ್ಪಿಲ್ಲದ ಹಾಗೆ."