ಟವರ್ ಅಂದ್ರ ಎದಿ ಢವಢವ

ಕಲಬುರಗಿ ಸುತ್ತಮುತ್ತ ಮೊಬೈಲ್ ಟವರುಗಳ ಕಿರಣ ಅಳೆಯುವುದು ನನ್ನ ಕೆಲಸ. ಮೀಟರಿನಲ್ಲಿ ಕಿರಣ ಎಷ್ಟೇ ಕಡಿಮೆ ಬರಲಿ, ಜನರ ಅಂಜಿಕೆ ಕಡಿಮೆಯಾಗುವುದಿಲ್ಲ. ಹೋದಲ್ಲೆಲ್ಲ ಒಂದಿಲ್ಲೊಂದು ನಡೆದೇ ನಡೆಯುತ್ತದೆ.

೧. ಕಮಲಾಪುರದ ಮೆಟ್ಟಿಲು

ಕೆಂಪು ಬಾಳೆಹಣ್ಣು ಮಾರುವ ಒಬ್ಬ ಅವ್ವ ದೂರು ಕೊಟ್ಟಿದ್ದಳು. ಎದುರಿಗೆ ಟವರ್ ನಿಂತಾಗಿನಿಂದ ಮಾಳಿಗೆ ಹತ್ತಿದರೆ ಸಾಕು, ಎದೆ ಬಡಿದುಕೊಳ್ಳುತ್ತದಂತೆ.

"ಡಾಕ್ಟರ್ ಏನೂ ಇಲ್ಲ ಅಂತಾರ್ರಿ. ನಾ ಸತ್ತ ಮ್ಯಾಲ ಏನರೆ ಸಿಗ್ತದೇನೋ" ಎಂದು ಕಣ್ಣೊರೆಸಿಕೊಂಡಳು.

ಸುಡುವ ಮಧ್ಯಾಹ್ನ. ಕಡಿದಾದ ಮೂವತ್ತು ಕಲ್ಲಿನ ಮೆಟ್ಟಿಲು. ಅವಳ ಹಿಂದೆ ಹತ್ತಿದವನೇ ಗೋಡೆ ಹಿಡಿದು ಏದುಸಿರು ಬಿಡುತ್ತ ನಿಂತೆ. ಮೀಟರ್ ಹೊರತೆಗೆಯುವ ಮೊದಲೇ ಅವಳು ಕೆಳಗಿನ ಓಣಿಗೆ ಕೂಗಿದಳು: "ಬರ್ರೆವ್ವಾ, ಸಾಹೇಬರಿಗೂ ಹೊಡೀತು!"

೨. ತೊಡೆಯ ಜುಮ್ಮು

ದಿನವೂ ಇಂಥದ್ದೇ ಕೇಳಿ ಕೇಳಿ ನನಗೂ ಅಂಜಿಕೆ ಹತ್ತಿತು. ಫೋನಿಡುವ ಕಿಸೆಯ ಹತ್ತಿರ ತೊಡೆ ಜುಮ್ಮೆನ್ನತೊಡಗಿತು. ನರ ಹೋಯಿತೆಂದು ಬೆವೆತುಹೋದೆ.

"ಯಾವಾಗಿಂದ?" ಹೆಂಡತಿ ಕೇಳಿದಳು.

"ಮುಂಜಾನಿಂದ. ಈಗೂ ಆಗ್ಲಾಕತ್ತದ."

"ಫೋನ್ ಮುಂಜಾನಿಂದ ಇಲ್ಲೇ ಚಾರ್ಜಿಗೆ ಹಚ್ಚೀರಲ್ಲ. ಕಿಸೆದಾಗ ಇರೋದು ಕನ್ನಡಕದ ಡಬ್ಬಿ!"

೩. ಹಿಂದಿನ ಕೋಣೆ

ಕಲಬುರಗಿಯ ಐವಾನ್-ಎ-ಶಾಹಿ ಬಡಾವಣೆಯಲ್ಲಿ ಒಬ್ಬ ನಿವೃತ್ತ ಹೆಡ್ಮಾಸ್ತರರು. ಮನೆಯ ಮುಂದೆ ಟವರ್. ಮೂರು ತಿಂಗಳಿಂದ ನಿದ್ದೆಯಿಲ್ಲ, ಕಣ್ಣು ಗುಳಿಬಿದ್ದಿದ್ದವು.

"ಮಲಗಿದ್ರ ತಲಿಯೊಳಗ ಗುಂಯ್ ಅಂತದ. ಹುಚ್ಚ ಹಿಡೀತದೇನೋ ಅಂತ ಅಂಜಿಕಿ ಬರ್ಲಾಕತ್ತದ್ರಿ" ಎಂದರು.

ಮೀಟರ್ ತೋರಿಸಿದೆ, ನಂಬಲಿಲ್ಲ. ಕೊನೆಗೆ, "ಹಿಂದಿನ ಕೋಣ್ಯಾಗ ಮಲಗಿ ನೋಡ್ರಿ ಸರ್" ಎಂದು ಬಂದೆ.

ಹದಿನೈದು ದಿನ ಬಿಟ್ಟು ಹೋದರೆ ಮಾಸ್ತರರ ಮುಖಕ್ಕೆ ಕಳೆ ಬಂದಿತ್ತು. "ಗಡದ್ದಾಗಿ ನಿದ್ದಿ! ಈ ಕಡೆ ಕಿರಣ ಬರಂಗೇ ಇಲ್ಲ" ಎಂದು ಕೈಹಿಡಿದು ಆ ಕೋಣೆಗೆ ಕರೆದೊಯ್ದರು.

ಕಿಟಕಿಯಾಚೆ ನೋಡಿದೆ. ಬೇವಿನ ಮರದ ಹಿಂದೆ ಇನ್ನೊಂದು ಟವರ್! ಮುಂದಿನದಕ್ಕಿಂತ ಹತ್ತಿರ! ನಾನು ಬಾಯಿ ತೆರೆಯುವಷ್ಟರಲ್ಲಿ ಅವರ ಹೆಂಡತಿ ಚಹಾದ ನೆಪದಲ್ಲಿ ನನ್ನನ್ನು ಪಡಸಾಲೆಗೆ ಕರೆದರು.

"ನಂಗ ಗೊತ್ತದ್ರಿ" ಎಂದರು ಮೆಲ್ಲಗೆ. "ಅಡ್ಡ ಇರ್ಲಿ ಅಂತ್ಲೇ ಆ ಬೇವಿನ ಟೊಂಗಿ ಕಡಸಿಲ್ಲ. ನೀವು ಬಾಯಿ ಬಿಟ್ಟು ಹೇಳೀರಿ ಮತ್ತ! ಇನ್ನ ಮಲಗಾಕ ಉಳಿದಿದ್ದು ಬಚ್ಚಲಮನಿ ಒಂದೇ!"