ವಾದ ಮುಗಿದ ಮೇಲೆ ಗಂಟು

ಮೇಷ್ಟ್ರು: ಹಾಗಾದ್ರೆ ಎರಡು ದೇಶ ಕಿತ್ತಾಡ್ತಿರೋ ಆ ದ್ವೀಪ ಯಾರಪ್ಪನ ಮನೆ ಆಸ್ತಿ ಅಂತೀಯಾ ನೀನು?

ಟೈಲರ್: ಯಾರು ಮೊದಲು ಬಾವುಟ ನೆಟ್ಟರೋ ಅವರದ್ದು. ಇದರಲ್ಲಿ ತಲೆ ಕೆಡಿಸ್ಕೊಳ್ಳೋಕೆ ಏನಿದೆ ಭಾವ?

ಮೇಷ್ಟ್ರು: ಬಾವುಟ ನೆಟ್ಟುಬಿಟ್ರೆ ಆಯ್ತಾ? ನಾಳೆ ನಿನ್ನ ಅಂಗಡಿ ಮುಂದೆ ನಾನೊಂದು ಟವೆಲ್ ಹರವಿ ಬರ್ತೀನಿ. ಅಂಗಡಿ ನಂದಾಗುತ್ತಾ?

ಟೈಲರ್: ಟವೆಲಿಗೆ ಅಂಚು ಹೊಲಿದು ವಾಪಸ್ ಕೊಡ್ತೀನಿ. ಕೂಲಿ ಕೂಡ ಕೇಳಲ್ಲ.

ನರ್ಸಮ್ಮ: ಗಂಟೆ ಒಂಬತ್ತೂಕಾಲು.

ಹೇಳಿದ್ದು ಯಾರ ಕಿವಿಗೂ ಬೀಳಲಿಲ್ಲ. ಬಿದ್ದರೂ ಬೀಳದ ಹಾಗೆ ಇಬ್ಬರೂ ನಿಂತಿದ್ದರು. ಮೂವರೂ ಎಂಟು ಗಂಟೆಗೇ ಬಂಡೆಯ ಬುಡಕ್ಕೆ ಬಂದಿದ್ದವರು ಇನ್ನೂ ಬುಡದಲ್ಲೇ ಇದ್ದರು.

ಮೇಷ್ಟ್ರಿಗೆ ಅರವತ್ತೇಳು ವರ್ಷ. ಮೂವತ್ತೆರಡು ವರ್ಷ ಭೂಗೋಳ ಪಾಠ ಹೇಳಿ ನಿವೃತ್ತರಾದವರು. ಟೈಲರ್ ಅವರ ಹೆಂಡತಿಯ ತಮ್ಮ, ಅರವತ್ತಮೂರು ದಾಟಿದ ಮನುಷ್ಯ, ಬಂಡೆ ಹತ್ತಲು ಬಂದಾಗಲೂ ಕೊರಳಿಂದ ಅಳತೆ ಟೇಪು ತೆಗೆಯುವವರಲ್ಲ. ಇಬ್ಬರ ನಡುವೆ ಒಂದು ಕಲ್ಲಿನ ಮೇಲೆ ಕಾಲು ಚಾಚಿ, ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಳ್ಳುತ್ತಿದ್ದವರು ಮೇಷ್ಟ್ರ ಹೆಂಡತಿ. ಆಸ್ಪತ್ರೆಯ ಕೆಲಸ ಬಿಟ್ಟು ಆರು ವರ್ಷವಾಗಿದ್ದರೂ ಊರಿಗೆಲ್ಲ ಅವರು ಇನ್ನೂ ನರ್ಸಮ್ಮನೇ.

ಇಪ್ಪತ್ತು ವರ್ಷದಿಂದ ಭಾನುವಾರ ಬೆಳಿಗ್ಗೆ ಅಂದರೆ ಮೂವರಿಗೂ ಈ ಬಂಡೆ. ಹಿಂಬದಿಯ ಕಾಲುದಾರಿಯಲ್ಲಿ ನಡೆದು ಹೋಗಿ ತುದಿಯ ಕಬ್ಬಿಣದ ಬಳೆಗೆ ಹಗ್ಗ ತೂರಿಸಿ ಬರುವುದು ನರ್ಸಮ್ಮನ ಕೆಲಸ. ಹಗ್ಗದ ಒಂದು ತುದಿಯನ್ನು ಹತ್ತುವವರು ಸೊಂಟಕ್ಕೆ ಗಂಟು ಹಾಕಿಕೊಳ್ಳಬೇಕು, ಇನ್ನೊಂದನ್ನು ಕೆಳಗೆ ನಿಂತವರು ಹಿಡಿಯಬೇಕು. ಆದರೆ ಅದಕ್ಕೆ ಮೊದಲು ಒಂದು ಕಾನೂನಿದೆ. ಒಂಬತ್ತು ವರ್ಷದ ಹಿಂದೆ ಯಾವುದೋ ದೂರದೇಶದ ಚುನಾವಣೆಯ ಬಗ್ಗೆ ಜಗಳಾಡುತ್ತಾ ಟೈಲರ್ ಅರ್ಧ ಗಂಟು ಹಾಕಿ, ಉಳಿದರ್ಧ ಮರೆತು, ಎರಡಾಳೆತ್ತರ ಹತ್ತಿಬಿಟ್ಟಿದ್ದರು. ಬಗ್ಗಿ ನೋಡಿದರೆ ಹಗ್ಗದ ತುದಿ ನೆಲದ ಮೇಲೆ ಆರಾಮಾಗಿ ಮಲಗಿತ್ತು. ಅಂದೇ ನರ್ಸಮ್ಮ ಆಜ್ಞೆ ಹೊರಡಿಸಿದರು: ಮೊದಲು ವಾದ ಮುಗಿಯಬೇಕು, ಇಬ್ಬರೂ ಒಪ್ಪಬೇಕು, ಆಮೇಲೆ ಗಂಟು.

ಆ ಕಾನೂನಿನ ಮೇಲೆ ಮೇಷ್ಟ್ರಿಗೆ ಇವತ್ತು ಹುಟ್ಟಿದ ಪ್ರೀತಿ ಹಿಂದೆಂದೂ ಹುಟ್ಟಿರಲಿಲ್ಲ.

ಇವತ್ತು ಮೊದಲು ಹತ್ತಬೇಕಾದವರು ಅವರೇ. ಹೋದ ಭಾನುವಾರ, ಬಂಡೆ ಮುಂದಕ್ಕೆ ಉಬ್ಬಿರುವ ಜಾಗದಲ್ಲಿ, ಅದಕ್ಕೆ ಇವರಿಟ್ಟ ಹೆಸರು 'ಹೊಟ್ಟೆ', ಅಲ್ಲಿ ಅವರು ಕಾಲು ಜಾರಿ ಹಗ್ಗದಲ್ಲಿ ಜೋತಾಡಿದ್ದರು. ಕೆಳಗಿಳಿದ ಮೇಲೆ, "ಹಗ್ಗ ಗಟ್ಟಿ ಇದೆಯಾ ಅಂತ ನೋಡೋಕೆ ಬೇಕಂತಲೇ ಕೈ ಬಿಟ್ಟೆ" ಅಂದಿದ್ದರು. ಅಂದಿನಿಂದ ಒಂದು ಸ್ಟೂಲ್ ಹತ್ತಲೂ ಧೈರ್ಯ ಬರುತ್ತಿರಲಿಲ್ಲ. ಭಯ ಅಂತ ಬಾಯಿಬಿಟ್ಟರೆ ಮುಗಿಯಿತು, ಮುಂದಿನ ವಾರದಿಂದ ಫ್ಲಾಸ್ಕ್ ಕಾಯುವ ಕೆಲಸ. ಈ ಭಾನುವಾರ ಒಂದಿಲ್ಲದಿದ್ದರೆ ವಾರದ ಉಳಿದ ಆರು ದಿನವನ್ನು ಏನು ಮಾಡುವುದೆಂದು ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಉಳಿದಿದ್ದ ದಾರಿ ಒಂದೇ. ಹತ್ತೂವರೆಗೆ ಬಿಸಿಲು ಬಂಡೆಯ ಮೇಲೆ ಬೀಳುತ್ತದೆ, ಕಲ್ಲು ಕಾದರೆ ಹತ್ತುವ ಹಾಗಿಲ್ಲ, ಮರ್ಯಾದೆಯಿಂದ ಮನೆಗೆ ಹೋಗಬಹುದು. ಇನ್ನು ಒಂದೂಕಾಲು ಗಂಟೆ ಅಂತರರಾಷ್ಟ್ರೀಯ ರಾಜಕೀಯ ಎಳೆದರೆ ಸಾಕು.

ಮೇಷ್ಟ್ರು: ಭೂಪಟ ತೆಗೆದು ನೋಡು. ಆ ದ್ವೀಪ ಎಡಗಡೆ ದೇಶಕ್ಕೆ ಹತ್ತಿರ. ಸಮುದ್ರದ ಕಾನೂನು ಅಂತ ಒಂದಿದೆ. ಮೀನು ಹಿಡಿಯೋರು ನೂರಾರು ವರ್ಷದಿಂದ ಅಲ್ಲಿ ಬಲೆ ಒಣಗಿಸ್ತಾರೆ. ಬಲಗಡೆ ದೇಶದವರು ಹೋದ ತಿಂಗಳು ಹೆಲಿಕಾಪ್ಟರಲ್ಲಿ ಬಂದು ಒಂದು ಕೋಲು ಚುಚ್ಚಿ ಹೋದ್ರು. ಇದು ನ್ಯಾಯಾನಾ?

ಟೈಲರ್ ಒಪ್ಪುವವರ ಹಾಗೆ ಕತ್ತು ಓರೆ ಮಾಡಿದರು. ಟೇಪಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು.

ಮೇಷ್ಟ್ರು ಗಾಬರಿಯಾದರು. ಅಯ್ಯೋ, ಗೆದ್ದುಬಿಟ್ಟೆನೇನೋ!

ಮೇಷ್ಟ್ರು: ಆದ್ರೂ... ಆದ್ರೂ ಬಲಗಡೆಯವರದ್ದೂ ತಪ್ಪು ಅಂತ ಹೇಳೋಕಾಗಲ್ಲ. ಹೆಲಿಕಾಪ್ಟರ್ ಅಂದ್ರೆ ಸುಮ್ನೆ ಬರುತ್ತಾ? ಕಷ್ಟಪಟ್ಟು ಬಂದಿದಾರೆ ಪಾಪ.

ಟೈಲರ್: ಏನು ಪಾಪ? ಮೀನು ಹಿಡಿಯೋರ ಹೊಟ್ಟೆ ಮೇಲೆ ಹೊಡೆಯೋದು ಪಾಪಾನಾ?

ಮೇಷ್ಟ್ರು: ಬಾವುಟ ನೆಟ್ಟವರದ್ದೇ ದ್ವೀಪ ಕಣೋ!

ಟೈಲರ್: ಟವೆಲ್ ಹರವಿದ್ರೆ ಅಂಗಡಿ ನಿಮ್ಮದಾಗುತ್ತಾ ಭಾವ?

ನರ್ಸಮ್ಮ: ಒಂದು ನಿಮಿಷ. ಈಗ ಅವನ ಮಾತು ನೀವು ಆಡ್ತಿದೀರಿ, ನಿಮ್ಮ ಮಾತು ಅವನು ಆಡ್ತಿದಾನೆ.

ಮೇಷ್ಟ್ರು: ಚರ್ಚೆ ಅಂದ್ರೆ ಹಾಗೇ ಕಣೇ. ಬೆಳೀತಾ ಹೋಗುತ್ತೆ.

ನರ್ಸಮ್ಮ: ಬೆಳೀತಿಲ್ಲ. ಸುತ್ತು ಹೊಡೀತಿದೆ.

ಟೈಲರ್: ಅಕ್ಕ, ನೀನು ಸುಮ್ನಿರು. ಇದು ಸೂಕ್ಷ್ಮ ವಿಷಯ. ಈ ದ್ವೀಪದ ಜಗಳದಿಂದ ಹಡಗು ನಿಂತ್ಹೋದ್ರೆ ಗುಂಡಿ ಬರಲ್ಲ. ಗುಂಡಿ ಬರದಿದ್ರೆ ನಾನು ಶರ್ಟಿಗೆ ಏನು ಹಾಕ್ಲಿ, ಸೇಫ್ಟಿ ಪಿನ್ನಾ?

ಮೇಷ್ಟ್ರು: ಸರಿಯಾಗಿ ಹೇಳಿದ! ಲೋಕದಲ್ಲಿ ಒಂದಕ್ಕೊಂದು ಕೊಂಡಿ ಇದೆ. ಯಾರೋ ಎಲ್ಲೋ ಸುಂಕ ಏರಿಸಿದ್ರೆ ನಮ್ಮ ಅಡುಗೆಮನೆ ನಲ್ಲಿಗೆ ವಾಷರ್ ಸಿಗಲ್ಲ.

ನರ್ಸಮ್ಮ: ಬಚ್ಚಲುಮನೆ ಬಲ್ಬು?

ಮೇಷ್ಟ್ರು ನೆಲದಲ್ಲಿದ್ದ ಹಗ್ಗವನ್ನು ಸುರುಳಿ ಸುತ್ತತೊಡಗಿದರು.

ನರ್ಸಮ್ಮ: ನಾಲ್ಕು ದಿನದಿಂದ ಕತ್ತಲಲ್ಲಿ ಸ್ನಾನ ಮಾಡ್ತಿದೀನಿ. ನಿನ್ನೆ ಸೋಪು ಅಂತ ಬಟ್ಟೆ ಬ್ರಷ್ ತಿಕ್ಕೊಂಡೆ.

ಮೇಷ್ಟ್ರು: ಅದು... ಆಮದಿನ ಮೇಲೆ ನಿರ್ಬಂಧ ಇದೆಯಲ್ಲ.

ನರ್ಸಮ್ಮ: ಬಲ್ಬು ಕಪಾಟಲ್ಲಿದೆ. ಸ್ಟೂಲು ಬಚ್ಚಲಲ್ಲಿದೆ. ಮಧ್ಯೆ ಯಾವ ದೇಶದ ನಿರ್ಬಂಧ ಬಂತು?

ಟೈಲರ್: ಅಕ್ಕ, ಭಾವ ಹೇಳೋದರಲ್ಲೂ ಒಂದು ತಥ್ಯ ಇದೆ.

ಮೇಷ್ಟ್ರಿಗೆ ಆಶ್ಚರ್ಯವಾಯಿತು. ಈ ಭಾವಮೈದ ಇಪ್ಪತ್ತು ವರ್ಷದಲ್ಲಿ ತಮ್ಮ ಮಾತಿಗೆ ತಥ್ಯದ ಸರ್ಟಿಫಿಕೇಟ್ ಕೊಟ್ಟವನಲ್ಲ. ಆದರೆ ಬಂದ ಸಹಾಯವನ್ನು ಯಾಕೆ ಬಿಡಬೇಕು? ಅವರು ಮುಂದಿನ ಶೃಂಗಸಭೆಯ ವಿಷಯ ಎತ್ತಿದರು. ಟೈಲರ್ ಆ ಸಭೆಗೆ ಯಾರು ಯಾರು ಬರಬಾರದು ಅಂತ ಪಟ್ಟಿ ಕೊಟ್ಟರು. ಮೇಷ್ಟ್ರು ಆ ಪಟ್ಟಿಯಲ್ಲಿದ್ದವರನ್ನೇ ಕರೆಯಬೇಕೆಂದು ಪಟ್ಟು ಹಿಡಿದರು. ಟೈಲರ್ ಮುಖಂಡರ ಕೋಟಿನ ಭುಜ ಸರಿಯಾಗಿ ಕೂರದೆ ಶಾಂತಿ ಕೂರುವುದಿಲ್ಲ ಅಂದರು. ಕೋಟಿನ ಮೇಲೆಯೇ ಹದಿನೈದು ನಿಮಿಷ ಹೋಯಿತು, ಮೇಷ್ಟ್ರ ಮನಸ್ಸು ಹಗುರಾಗತೊಡಗಿತು.

ನರ್ಸಮ್ಮ ಚಹಾದ ಲೋಟ ಪಕ್ಕಕ್ಕಿಟ್ಟರು. ಎದ್ದು ಬಂದು ಗಂಡನ ಮಣಿಕಟ್ಟು ಹಿಡಿದು ಕೈಗಡಿಯಾರ ನೋಡಿದರು.

ಮೇಷ್ಟ್ರು: ಏನೇ ಇದು, ಎಲ್ಲರೆದುರಿಗೆ?

ನರ್ಸಮ್ಮ: ನೂರಾ ಎಂಟು. ನಿಂತು ಮಾತಾಡ್ತಿರೋ ಮನುಷ್ಯನ ನಾಡಿ ಇಷ್ಟು ಓಡಬಾರದು.

ಮೇಷ್ಟ್ರು: ದ್ವೀಪದ ಚಿಂತೆ.

ನರ್ಸಮ್ಮ ತಮ್ಮನ ಕಡೆ ತಿರುಗಿದರು. ಟೈಲರ್ ಎರಡೂ ಕೈಯನ್ನು ಬೆನ್ನ ಹಿಂದೆ ಬಚ್ಚಿಟ್ಟರು. ಅರವತ್ತಮೂರರ ಮನುಷ್ಯ ಸೂಜಿಗೆ ಹೆದರಿದ ಮಗುವಿನ ಹಾಗೆ ಹಿಂದೆ ಹಿಂದೆ ಸರಿದು ಕೊನೆಗೆ ಬಂಡೆಗೇ ಆತುಕೊಂಡರು.

ನರ್ಸಮ್ಮ: ಕೊಡೋ ಕೈ. ನೂರಾ ಹದಿನಾರು! ನಿಂಗೂ ದ್ವೀಪದ ಚಿಂತೇನಾ?

ಟೈಲರ್: ಗುಂಡಿ ಚಿಂತೆ.

ನರ್ಸಮ್ಮ: ಸುಳ್ಳು ಹೇಳಿದ್ರೆ ಇನ್ನೂ ಏರುತ್ತೆ. ಏರ್ತಾ ಇದೆ ನೋಡು.

ಟೈಲರ್ ಅಕ್ಕನ ಮುಖ ನೋಡಿದರು, ಭಾವನ ಮುಖ ನೋಡಿದರು, ಕೊನೆಗೆ ತಮ್ಮ ಚಪ್ಪಲಿ ನೋಡಿಕೊಂಡು ಮಾತಾಡಿದರು.

ಟೈಲರ್: ಹೋದ ವಾರ ಹಗ್ಗ ಹಿಡಿದಿದ್ದು ನಾನು ತಾನೆ? ಭಾವ ಜಾರಿದಾಗ ಹಗ್ಗ ನನ್ನ ಕೈಯಿಂದ ಎರಡಡಿ ಹೋಯ್ತು. ಎರಡೇ ಅಡಿ. ಆಮೇಲೆ ಹಿಡಿದೆ.

ಮೇಷ್ಟ್ರು: ನಂಗೆ ಗೊತ್ತೇ ಆಗ್ಲಿಲ್ವಲ್ಲೋ!

ಟೈಲರ್: ನೀವು ಕಣ್ಣು ಮುಚ್ಚಿದ್ರಿ. ಭಾವ, ಆ ಎರಡಡೀಲಿ ನನ್ನ ಜೀವ ಬಾಯಿಗೆ ಬಂತು. ಹಿಡೀದೇ ಹೋಗಿದ್ರೆ ಅಕ್ಕನಿಗೆ ಏನಂತ ಮುಖ ತೋರಿಸ್ಲಿ? ಆವತ್ತಿಂದ ಕತ್ತರಿ ನೆಟ್ಟಗೆ ಹೋಗ್ತಿಲ್ಲ. ಬ್ಯಾಂಕ್ ಮ್ಯಾನೇಜರ್ ಪ್ಯಾಂಟಿನ ಒಂದು ಕಾಲು ಎರಡಿಂಚು ಗಿಡ್ಡ ಆಗಿದೆ.

ಮೇಷ್ಟ್ರು: ಅವರೇನಂದ್ರು?

ಟೈಲರ್: ಇನ್ನೂ ನೋಡಿಲ್ಲ. ಮಡಚಿ ಕೊಟ್ಟಿದೀನಿ. ಇವತ್ತು ಮತ್ತೆ ಹಗ್ಗ ಹಿಡೀಬೇಕಲ್ಲ ಅಂತ ಬೆಳಿಗ್ಗೆಯಿಂದ ಈ ದರಿದ್ರ ದ್ವೀಪಾನ ಎಳೀತಿದೀನಿ. ಹತ್ತೂವರೆಗೆ ಬಿಸಿಲು ಬರ್ಲಿ ಅಂತ.

ಮೇಷ್ಟ್ರಿಗೆ ನಗು ಒತ್ತರಿಸಿ ಬಂತು. ತಡೆದುಕೊಂಡರು, ತಡೆಯಲಾಗಲಿಲ್ಲ. ಕಲ್ಲಿನ ಮೇಲೆ ಕುಸಿದು ಕೂತು ಹೊಟ್ಟೆ ಹಿಡಿದುಕೊಂಡು ನಕ್ಕರು.

ಮೇಷ್ಟ್ರು: ಲೋ, ಆ ಬಿಸಿಲಿಗೆ ಕಾಯ್ತಿದ್ದೋನು ನಾನು ಕಣೋ! ಬೇಕಂತ ಕೈ ಬಿಟ್ಟೆ ಅಂದಿದ್ದೆಲ್ಲ ಬುರುಡೆ. ಕಾಲು ಜಾರಿತು. ಆವತ್ತಿಂದ ಸ್ಟೂಲ್ ಹತ್ತೋಕೂ ಆಗ್ತಿಲ್ಲ. ಭಯ. ಹೇಳಿದ್ರೆ ನೀವಿಬ್ರೂ ನನ್ನ ಮನೇಲಿ ಕೂರಿಸಿ ಬರ್ತೀರಿ ಅಂತ ಇನ್ನೊಂದು ಭಯ.

ಟೈಲರ್: ನಿಮಗೆ ಹತ್ತೋಕೆ ಭಯ, ನಂಗೆ ಹಿಡಿಯೋಕೆ ಭಯ. ಹೇಳಿದ್ರೆ ಎಂಟು ಗಂಟೆಗೇ ಮನೆಗೆ ಹೋಗಿ ಮಲಗಬಹುದಿತ್ತಲ್ಲ ಭಾವ!

ಇಬ್ಬರೂ ಒಬ್ಬರ ಭುಜ ಒಬ್ಬರು ಹಿಡಿದು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಮೇಷ್ಟ್ರ ಎದೆಯ ಮೇಲಿನ ಒಂದು ವಾರದ ಭಾರ ಇಳಿದುಹೋಗಿತ್ತು.

ನರ್ಸಮ್ಮ: ಅಂದ್ರೆ ಭಯ ಅನ್ನೋ ವಿಷಯದಲ್ಲಿ ಇಬ್ಬರಿಗೂ ಒಂದೇ ಅಭಿಪ್ರಾಯ?

ಟೈಲರ್: ಒಂದೇ.

ಮೇಷ್ಟ್ರು: ಎರಡು ಮಾತೇ ಇಲ್ಲ.

ನರ್ಸಮ್ಮ: ಇಬ್ಬರೂ ಒಪ್ಪಿದ್ರಿ. ವಾದ ಮುಗೀತು. ಗಂಟು ಹಾಕಿ.

ನಗು ಅಲ್ಲೇ ನಿಂತಿತು.

ಟೈಲರ್: ಅಕ್ಕ, ದ್ವೀಪ ಇನ್ನೂ ಇತ್ಯರ್ಥ ಆಗಿಲ್ಲ!

ನರ್ಸಮ್ಮ: ಅಲ್ಲಿ ವಾಸ ಇರೋದು ಯಾರು?

ಮೇಷ್ಟ್ರು: ಬರೀ ಹಕ್ಕಿಗಳು.

ನರ್ಸಮ್ಮ: ಹಾಗಾದ್ರೆ ಹಕ್ಕಿಗಳದ್ದು. ನಿಮ್ಮಲ್ಲಿ ಯಾರಾದ್ರೂ ಹಕ್ಕಿಗಳ ವಿರೋಧಿ ಇದೀರಾ?

ಹಕ್ಕಿಗಳ ವಿರುದ್ಧ ಬಾಯಿ ಬಿಡುವ ಧೈರ್ಯ ಇಬ್ಬರಿಗೂ ಬರಲಿಲ್ಲ. ಗಂಟೆ ಇನ್ನೂ ಹತ್ತು. ಬಿಸಿಲು ಬಂಡೆಯ ಆಚೆ ಬದಿಯಲ್ಲೇ ಇತ್ತು.

ನರ್ಸಮ್ಮ: ಹಗ್ಗ ನಾನೇ ಹಿಡೀಲಾ?

ಟೈಲರ್ ಸರಕ್ಕನೆ ತುದಿಯನ್ನು ಅಕ್ಕನ ಕೈಗೆ ಕೊಡಲು ಹೋದರು. ಮೇಷ್ಟ್ರು ಗಂಟು ಹಾಕಿಕೊಳ್ಳುತ್ತಾ ತಲೆಯೆತ್ತಲಿಲ್ಲ.

ಮೇಷ್ಟ್ರು: ಬೇಡ. ಅವನೇ ಹಿಡೀಲಿ. ಎರಡಡಿ ಹೋದ್ರೂ ಹಿಡಿದನಲ್ಲ, ಅದು ಸಾಕು ನಂಗೆ.

ಟೈಲರ್ ಮೂಗೊರೆಸಿಕೊಂಡು, ಹಗ್ಗವನ್ನು ಸೊಂಟದ ಸುತ್ತ ಬಳಸಿ ಹಿಡಿದು, ಕಾಲೂರಿ ನಿಂತರು. ಯಾರು ಬಂದರೂ ಅಲ್ಲಾಡಿಸಲಾರದ ಹಾಗೆ ನಿಂತರು.

ಮೇಷ್ಟ್ರು ಹತ್ತಿದರು. ಮೊದಲ ಮೂರಾಳೆತ್ತರ ಕೈಕಾಲಿಗೆ ರೂಢಿಯ ದಾರಿ, ತೊಂದರೆಯಾಗಲಿಲ್ಲ. ಆಮೇಲೆ ಆ 'ಹೊಟ್ಟೆ' ಬಂತು. ಬಲಗೈ ಒಂದು ಬಿರುಕಿನಲ್ಲಿ, ಎಡಗಾಲು ಒಂದು ಬಿಲ್ಲೆಯಗಲದ ಅಂಚಿನ ಮೇಲೆ. ಇನ್ನು ಎಡಗೈ ಮೇಲೆತ್ತಬೇಕು. ಕೈ ಏಳಲಿಲ್ಲ.

ಮೇಷ್ಟ್ರು: ಆಗ್ತಿಲ್ಲ ಕಣೇ. ಇಳಿಸಿಬಿಡೋಕೆ ಹೇಳು.

ಕೆಳಗೆ ಟೈಲರ್ ಹಿಡಿತವನ್ನು ಇನ್ನಷ್ಟು ಬಿಗಿ ಮಾಡಿದರು. ಅವರ ಪ್ರಾಣವೆಲ್ಲ ಹಗ್ಗದಲ್ಲಿತ್ತು. ನರ್ಸಮ್ಮ ಸೊಂಟಕ್ಕೆ ಕೈಯಿಟ್ಟು ಮೇಲೆ ನೋಡಿದರು.

ನರ್ಸಮ್ಮ: ಇಳಿಸೋಣ ರೀ, ಅದಕ್ಕೇನಂತೆ. ನಾನು ಬೇರೆ ಏನೋ ಯೋಚಿಸ್ತಿದ್ದೆ. ವಿಶ್ವಸಂಸ್ಥೇಲಿ ದೊಡ್ಡ ದೇಶಗಳಿಗೆ ವೀಟೊ ಇರೋದು ಸರಿಯಾಗೇ ಇದೆ.

ಮೇಷ್ಟ್ರು: ಏನಂದೆ?

ಮೂವತ್ತೆರಡು ವರ್ಷ ತರಗತಿಯಲ್ಲಿ ಮೇಷ್ಟ್ರು ಯಾವುದಾದರೂ ಒಂದನ್ನು ಮನಸಾರೆ ಬೈದಿದ್ದರೆ ಅದು ವೀಟೊ.

ನರ್ಸಮ್ಮ: ದೊಡ್ಡವರು ಅಂದ್ಮೇಲೆ ಅವರ ಮಾತೇ ನಡೀಬೇಕು. ಪುಟ್ಟ ದೇಶಗಳಿಗೆ ಏನು ತಿಳಿಯುತ್ತೆ?

ಮೇಷ್ಟ್ರು: ಯಾರೇ ನಿಂಗೆ ಹಾಗಂದೋರು?

ಎಡಗೈ ಮೇಲಕ್ಕೆ ಹೋಗಿ ಅಂಚು ಹಿಡಿಯಿತು.

ಮೇಷ್ಟ್ರು: ನೂರಾ ತೊಂಬತ್ತು ಚಿಲ್ಲರೆ ದೇಶ ಕೂತು ಒಂದು ಮಾತಿಗೆ ಬರ್ತವೆ!

ಬಲಗಾಲು ಎತ್ತಿ ಹೊಟ್ಟೆಯ ಮೇಲಿಟ್ಟರು.

ಮೇಷ್ಟ್ರು: ಐದೇ ಐದು ದೇಶ! ಅದರಲ್ಲಿ ಒಬ್ಬ ಕೈಯೆತ್ತಿ ಬೇಡ ಅಂದ್ರೆ!

ಎಡಗಾಲು.

ಮೇಷ್ಟ್ರು: ಲೋಕಕ್ಕೆ ಲೋಕವೇ ಬಾಯಿ ಮುಚ್ಕೊಂಡು ಮನೆಗೆ ಹೋಗಬೇಕಾ? ಇದು ಪ್ರಜಾಪ್ರಭುತ್ವಾನಾ? ತಾಳು, ಬಂದೆ, ಮೇಲೆ ಹೋಗಿ ಸರಿಯಾಗಿ ಹೇಳ್ತೀನಿ ನಿಂಗೆ!

ಮೇಲೆ ಹೋದರು. ಕಬ್ಬಿಣದ ಬಳೆಯ ಪಕ್ಕ ನಿಂತು, ಬೆರಳೆತ್ತಿ, ಬಾಯಿ ತೆರೆದಾಗ ಅವರಿಗೆ ತಾವು ಎಲ್ಲಿದ್ದೇವೆಂಬುದು ಹೊಳೆಯಿತು. ಬಗ್ಗಿ ನೋಡಿದರು. ಆ 'ಹೊಟ್ಟೆ' ಎಷ್ಟೋ ಕೆಳಗೆ ಉಳಿದಿತ್ತು. ಟೈಲರ್ ಎರಡೂ ಕೈಯಲ್ಲಿ ಹಗ್ಗ ಹಿಡಿದೇ ಕುಣಿಯುತ್ತಿದ್ದರು.

ಟೈಲರ್: ಒಂದಿಂಚೂ ಜಾರಲಿಲ್ಲ ಭಾವ! ಒಂದೇ ಒಂದಿಂಚೂ ಇಲ್ಲ! ಆದ್ರೆ ಅಕ್ಕ, ಗಂಟು ಹಾಕಿದ ಮೇಲೆ ವಾದ ಮಾಡಬಾರದು ಅನ್ನೋದು ನಿನ್ನದೇ ಕಾನೂನಲ್ವಾ?

ನರ್ಸಮ್ಮ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಿದ್ದರು. ಮೇಷ್ಟ್ರಿಗೆ ಮೇಲಿನಿಂದ ಅವರ ಮುಖ ಕಾಣಲಿಲ್ಲ, ಆದರೆ ನಗುತ್ತಿದ್ದಾರೆಂದು ಭುಜ ನೋಡಿಯೇ ತಿಳಿಯಿತು. ಈ ಹೆಂಗಸನ್ನು ಕಟ್ಟಿಕೊಂಡಿದ್ದು ತಮ್ಮ ಪುಣ್ಯ ಅಂತ ಅವರಿಗೆ ಅನ್ನಿಸಿತು. ಆದರೂ ತತ್ವ ತತ್ವವೇ.

ಮೇಷ್ಟ್ರು: ನನ್ನ ಹತ್ತಿಸೋಕೆ ಹಾಗಂದೆ ಅಂತ ಗೊತ್ತಾಯ್ತು ಬಿಡೇ! ಈಗ ನಿಜ ಹೇಳು. ವೀಟೊ ತೆಗೆದುಹಾಕಬೇಕು ತಾನೆ?

ನರ್ಸಮ್ಮ: ಹೇಗೆ ತೆಗೀಲಿ ರೀ? ನಮ್ಮನೇಲಿ ಅದು ಇರೋದು ನನ್ನೊಬ್ಬಳ ಹತ್ರ.